ದೋಚಿದವರು ಷರತ್ತು ಹಾಕುವಂತಿಲ್ಲ

ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದಿಂದ ಬ್ರಿಟಿಷರು ದೋಚಿದ ಹಿತ್ತಾಳೆ ಕಲಾಕೃತಿಗಳನ್ನು ವಾಪಸ್ ಕೊಡಬೇಕೆಂಬ ಕಳೆದ ಸಂಚಿಕೆಯ ಲೇಖನ ಓದಿ ತುಮಕೂರಿನ ನಿವೃತ್ತ ಮೇಷ್ಟ್ರೊಬ್ಬರು ಕಾಗದ ಬರೆದಿದ್ದಾರೆ. ಮಗಳ ಮನೆಗೆಂದು ಲಂಡನ್‌ಗೆ ಹೋದಾಗ ಬ್ರಿಟಿಷ್ ಮ್ಯೂಸಿಯಮ್‌ನಲ್ಲಿ ಆ ಹಿತ್ತಾಳೆ ಫಲಕಗಳನ್ನು ಕಣ್ತುಂಬ ನೋಡಿ ಬಂದವರು. ಅವರು ಕೇಳುತ್ತಾರೆ: 'ದೋಚಿದ್ದು ತಪ್ಪು, ಒಪ್ಪೋಣ. ಆದರೆ ನೈಜೀರಿಯಾಕ್ಕೆ ವಾಪಸ್ ಹೋದರೆ ಅವು ಉಳಿಯುತ್ತವೆಯೇ? ಅಲ್ಲಿ ಅರಮನೆಗೂ ಸರ್ಕಾರಕ್ಕೂ ಜಗಳವಂತೆ. ಲಂಡನ್‌ನಲ್ಲಿದ್ದರೆ ಇಡೀ ಜಗತ್ತು ನೋಡುತ್ತದೆ, ಅಲ್ವಾ? ನಮ್ಮ ಟಿಪ್ಪುವಿನ ಹುಲಿಯ ಗತಿ ಏನು, ಅದನ್ನೂ ಹೇಳಿ.'

ಮೇಷ್ಟ್ರೇ, ಆ ವಸ್ತುಗಳ ಮೇಲಿನ ನಿಮ್ಮ ಪ್ರೀತಿ ಅರ್ಥವಾಗುತ್ತದೆ. ಆದರೂ ನಿಮ್ಮ ವಾದ ಒಪ್ಪಲು ನನ್ನಿಂದ ಆಗುತ್ತಿಲ್ಲ.

ನೀವು ನೋಡಿದ ಫಲಕಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ. ಅವು ಮೊಳೆ ಹೊಡೆದ ಜಾಗ. 16, 17ನೇ ಶತಮಾನದಲ್ಲಿ ಬೆನಿನ್ ಅರಮನೆಯ ಕಂಬಗಳಿಗೆ ಈ ಫಲಕಗಳನ್ನು ಹೊದಿಸಿದ್ದರು. ನಡುವೆ ದೊಡ್ಡದಾಗಿ ಒಬಾ, ಅಂದರೆ ಅರಸ. ಅಕ್ಕಪಕ್ಕ ಚಿಕ್ಕದಾಗಿ ಅವನ ಪರಿವಾರ. ಕೆಲವದರಲ್ಲಿ ಉದ್ದ ಕೂದಲಿನ, ಚೂಪು ಮೂಗಿನ ಪೋರ್ಚುಗೀಸರು, ಜೊತೆಗೆ ಅವರು ತಂದ ಹಿತ್ತಾಳೆ ಬಳೆಗಳು. ಆ ಬಳೆ ಕೊಟ್ಟು ಅವರು ಮೆಣಸು, ದಂತ, ಕೊನೆಗೆ ಮನುಷ್ಯರನ್ನೂ ಕೊಂಡರು. ಇಗುನ್ ಬೀದಿಯ ಎರಕದವರು ಅಂಥ ಬಳೆಗಳನ್ನೇ ಕರಗಿಸಿದರು. ಮೇಣದಲ್ಲಿ ರೂಪ ತಿದ್ದಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಕರಗಿದ ಹಿತ್ತಾಳೆ ಹೊಯ್ಯುವ ಕೆಲಸ. ಆ ಬೀದಿ ಇವತ್ತಿಗೂ ಬೆನಿನ್ ಸಿಟಿಯಲ್ಲಿದೆ. ಎರಕವೂ ನಿಂತಿಲ್ಲ. ಒಬಾ ವಂಶವೂ ಅರಮನೆಯಲ್ಲೇ ಇದೆ.

ಇನ್ನು ಹಿತ್ತಾಳೆಯಲ್ಲಿ ಎರಕ ಹೊಯ್ದ ಅರಸರ ತಲೆಗಳು. ನೆತ್ತಿಯಲ್ಲಿ ದೊಡ್ಡ ತೂತು ಕಂಡಿರಬೇಕಲ್ಲ? ಕೆತ್ತನೆಯ ಆನೆದಂತ ನಿಲ್ಲಿಸಲು ಅದು. ಹೊಸ ಒಬಾ ಪಟ್ಟಕ್ಕೆ ಬಂದಾಗ ತೀರಿಹೋದ ತಂದೆಯ ಹೆಸರಲ್ಲಿ ಪೀಠ ಕಟ್ಟಿಸಿ ಅಲ್ಲಿ ಇಡುತ್ತಿದ್ದ. ಹಿರಿಯರಿಗೆ ಎಡೆ ಸಲ್ಲುತ್ತಿದ್ದ ಜಾಗದಿಂದ ಕಿತ್ತು ತಂದಿದ್ದು ಇದನ್ನು.

ಕಿತ್ತಿದ್ದು 1897ರ ಫೆಬ್ರವರಿಯಲ್ಲಿ. ಈಗ ಬರಬೇಡಿ ಎಂದು ಒಬಾ ಹೇಳಿಕಳಿಸಿದರೂ ಹೊರಟ ಬ್ರಿಟಿಷ್ ಅಧಿಕಾರಿ ಫಿಲಿಪ್ಸ್‌ನ ತಂಡ ಜನವರಿಯಲ್ಲಿ ದಾರಿಯಲ್ಲೇ ಹತವಾಗಿತ್ತು. ಸೇಡಿಗೆಂದು ಅಡ್ಮಿರಲ್ ರಾಸನ್‌ನ ಪಡೆ ನಗರಕ್ಕೆ ನುಗ್ಗಿತು. ಅರಮನೆ ಸುಟ್ಟುಹೋಯಿತು. ಒಬಾ ಓವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡಿಪಾರು ಮಾಡಿದರು. 1914ರಲ್ಲಿ ಅಲ್ಲೇ ತೀರಿಕೊಂಡ. ಸಾವಿರಾರು ವಸ್ತುಗಳು ಹಡಗೇರಿದವು. ದಂಡಯಾತ್ರೆಯ ಖರ್ಚಿಗೆಂದು ಒಂದಷ್ಟನ್ನು ಮಾರಿದರು. ಎಷ್ಟನ್ನೋ ಅಧಿಕಾರಿಗಳು ಮನೆಗೆ ಒಯ್ದರು.

ಲಂಡನ್‌ನಲ್ಲಿ ಜೋಪಾನ ಅನ್ನುತ್ತೀರಿ. ತನ್ನ ಸುಮಾರು 2,000 ವಸ್ತುಗಳು ಕಳುವಾಗಿವೆ, ಕಾಣೆಯಾಗಿವೆ ಇಲ್ಲವೇ ಹಾಳಾಗಿವೆ ಎಂದು 2023ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮೇ ಒಪ್ಪಿಕೊಂಡಿತು. ನೈಜೀರಿಯಾದ ಕೈಯೂ ಶುದ್ಧವಲ್ಲ. 1973ರಲ್ಲಿ ಆಗಿನ ಅಲ್ಲಿನ ಆಡಳಿತಗಾರ ಜನರಲ್ ಗೋವನ್ ಲಾಗೋಸ್ ಮ್ಯೂಸಿಯಮ್‌ನ ಒಂದು ಬೆನಿನ್ ತಲೆಯನ್ನೇ ತೆಗೆದು ರಾಣಿ ಎಲಿಜಬೆತ್‌ಗೆ ಉಡುಗೊರೆ ಕೊಟ್ಟುಬಿಟ್ಟರು. ಇದನ್ನು ಮುಚ್ಚಿಟ್ಟು ವಾದ ಮಾಡುವುದು ನನಗೆ ಬೇಡ.

ಇಡೀ ಜಗತ್ತು ನೋಡುತ್ತದೆ ಅನ್ನುವುದಂತೂ ನನಗೆ ತುಂಬ ನೋವಿನ ಮಾತು. ಬೆನಿನ್ ಸಿಟಿಯ ಶಾಲೆ ಮಗುವಿಗೆ ವೀಸಾ, ವಿಮಾನದ ಟಿಕೆಟ್ ಯಾರು ಕೊಡುತ್ತಾರೆ? 1977ರಲ್ಲಿ ಲಾಗೋಸ್‌ನಲ್ಲಿ ಆಫ್ರಿಕಾದ ದೊಡ್ಡ ಕಲಾ ಉತ್ಸವ ನಡೆಯಿತು. ಬ್ರಿಟಿಷ್ ಮ್ಯೂಸಿಯಮ್‌ನಲ್ಲಿರುವ, ಬೆನಿನ್‌ನ ರಾಜಮಾತೆ ಇಡಿಯಾಳ ದಂತದ ಮುಖವಾಡವೇ ಅದರ ಲಾಂಛನ. ಹಬ್ಬಕ್ಕಾದರೂ ಕೊಡಿ ಎಂದರೆ, ತುಂಬ ನಾಜೂಕು, ಪ್ರಯಾಣ ತಡೆಯದು ಎಂದು ಮ್ಯೂಸಿಯಮ್ ನಿರಾಕರಿಸಿತು.

ಜಗಳ ಇರುವುದು ನಿಜ. ವಾಪಸ್ ಬಂದಿದ್ದೆಲ್ಲ ಒಬಾಗೆ ಸೇರಿದ್ದು ಎಂದು 2023ರಲ್ಲಿ ನೈಜೀರಿಯಾದ ಅಧ್ಯಕ್ಷರು ಘೋಷಿಸಿದರು. ಕೂಡಲೇ ಕೇಂಬ್ರಿಜ್ ವಿಶ್ವವಿದ್ಯಾಲಯ 116 ವಸ್ತುಗಳ ಹಸ್ತಾಂತರ ಮುಂದೂಡಿತು. 2025ರ ನವೆಂಬರ್‌ನಲ್ಲಿ ಬೆನಿನ್ ಸಿಟಿಯ ಹೊಸ ಮ್ಯೂಸಿಯಮ್‌ಗೆ ಪ್ರತಿಭಟನಾಕಾರರು ನುಗ್ಗಿ ಉದ್ಘಾಟನೆಯೇ ನಿಂತಿತು. ಆದರೆ ಅಣ್ಣತಮ್ಮಂದಿರು ಅಜ್ಜಿಯ ಒಡವೆಗೆ ಕಿತ್ತಾಡುತ್ತಿದ್ದಾರೆ ಎಂದು ಅದನ್ನು ಕದ್ದವನು ತನ್ನಲ್ಲೇ ಇಟ್ಟುಕೊಳ್ಳಬಹುದೇ? ಅದು ಅವರ ಮನೆಯ ವ್ಯಾಜ್ಯ. ಅವರೇ ಬಗೆಹರಿಸಿಕೊಳ್ಳಲಿ.

ಮೊದಲು ಒಡೆತನ ಒಪ್ಪಿಸಬೇಕು, ಉಳಿದದ್ದು ಆಮೇಲೆ. 2022ರಲ್ಲಿ ಜರ್ಮನಿ ಹೀಗೇ ಮಾಡಿತು. 1,100ಕ್ಕೂ ಜಾಸ್ತಿ ವಸ್ತುಗಳ ಒಡೆತನ ಬಿಟ್ಟುಕೊಡಲು ಒಪ್ಪಿತು. ಬರ್ಲಿನ್ ಸಂಗ್ರಹದ ಸುಮಾರು ಮೂರನೇ ಒಂದು ಪಾಲು ನೈಜೀರಿಯಾದ ಒಪ್ಪಿಗೆಯಿಂದ ಸಾಲದ ಮೇಲೆ ಅಲ್ಲೇ ಉಳಿದಿದೆ. ಜಗತ್ತು ನೋಡುತ್ತಲೇ ಇದೆ. ನೆದರ್ಲೆಂಡ್ಸ್ 2025ರಲ್ಲಿ 119 ವಸ್ತು ಕೊಟ್ಟಿತು. ಬ್ರಿಟಿಷ್ ಮ್ಯೂಸಿಯಮ್ ಮಾತ್ರ ಸಂಗ್ರಹದ ವಸ್ತು ಬಿಟ್ಟುಕೊಡದಂತೆ ತಡೆಯುವ 1963ರ ಕಾಯ್ದೆ ತೋರಿಸುತ್ತದೆ. ಕಾಯ್ದೆ ಬರೆದ ಪಾರ್ಲಿಮೆಂಟ್ ಅದನ್ನು ತಿದ್ದಬಹುದು.

ಟಿಪ್ಪುವಿನ ಹುಲಿ 1799ರಲ್ಲಿ ಶ್ರೀರಂಗಪಟ್ಟಣದಿಂದ ಹೋಗಿದ್ದು. ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್‌ನಲ್ಲಿದೆ. ಅಲ್ಲೂ ಅಂಥದೇ 1983ರ ಕಾಯ್ದೆಯೊಂದು ಅಡ್ಡ ನಿಂತಿದೆ. ಅದಿದ್ದರೂ 2024ರಲ್ಲಿ ಆ ಮ್ಯೂಸಿಯಮ್ ಘಾನಾದ ಅಸಾಂಟೆ ಅರಸರ ಚಿನ್ನದ ಒಡವೆಗಳನ್ನು ಕೊಟ್ಟಿತು, ಅದೂ ಸಾಲವಾಗಿ ಮಾತ್ರ. ಹುಲಿಯನ್ನು ಕೇಳುವುದಾದರೆ ಸಾಲವೆಂದು ಕೇಳಬೇಕೋ, ನಮ್ಮದೆಂದು ಕೇಳಬೇಕೋ? ನಮ್ಮದೆಂದೇ ಕೇಳಬೇಕು ಅನ್ನುವುದು ನನ್ನ ಅಭಿಪ್ರಾಯ. ನಿಮ್ಮದನ್ನು ಬರೆಯಿರಿ, ಪ್ರಕಟಿಸುತ್ತೇವೆ.

– ಸಂಪಾದಕ