ಆಡಿಟ್ ವರದಿ ನಾವು ನೋಡಬಹುದೇ?

ಪ್ರಶ್ನೆ: ಮಗಳು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ. ಶುಲ್ಕ ಏರುತ್ತಲೇ ಇದೆ, ಹಾಸ್ಟೆಲ್ ಸೋರುತ್ತಿದೆ. ಆಡಿಟ್ ವರದಿ ಕೇಳಿದರೆ ‘ಅದು ಗೋಪ್ಯ’ ಅಂತಾರೆ. ನಿಜವೇ?

ಉತ್ತರ: ಖಂಡಿತ ಅಲ್ಲ. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆ ತಪಾಸಣೆ ಮಾಡುತ್ತದೆ. ವರ್ಷಗಟ್ಟಲೆ ನಾನು ಅದೇ ಕೆಲಸ ಮಾಡಿದವಳು. ಒಂದು ಕಡೆ ಪರೀಕ್ಷೆ ಖರ್ಚಿಗೆಂದು ಮುಂಗಡವಾಗಿ ಕೊಟ್ಟ ಹಣದ ಚೀಟಿ ತುಕ್ಕು ಹಿಡಿದ ಪಿನ್ನಿಗೆ ಅಂಟಿಕೊಂಡೇ ಇತ್ತು. ಹಣ ಪಡೆದವರು ನಿವೃತ್ತರಾಗಿದ್ದರು, ಖರ್ಚಿನ ಬಿಲ್ಲು ಬಂದೇ ಇರಲಿಲ್ಲ. ವರದಿಯಲ್ಲಿ ಆಕ್ಷೇಪಣೆ ಬರೆದೆವು. ಮರುವರ್ಷವೂ ಅದನ್ನೇ ಬರೆದೆವು. ಹೊಟ್ಟೆ ಉರಿಯುತ್ತಿತ್ತು.

ಆದ್ದರಿಂದ ವರದಿಯೊಂದನ್ನೇ ಕೇಳಬೇಡಿ. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಅಷ್ಟೇ. ಬಾಕಿ ಆಕ್ಷೇಪಣೆಗಳ ಪಟ್ಟಿ, ಅವಕ್ಕೆ ಕೊಟ್ಟ ಉತ್ತರ, ಹೊಂದಾಣಿಕೆಯಾಗದ, ಅಂದರೆ ಖರ್ಚಿನ ಲೆಕ್ಕ ಕೊಡದೆ ಉಳಿದ, ಮುಂಗಡದ ವಿವರವನ್ನೂ ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೇಲ್ಮನವಿ ಹಾಕಿ.