ಗಾಯ ಊದಿ ಕೀವಾಗುವುದು ರೋಗನಿರೋಧಕ ಶಕ್ತಿ ಕುಗ್ಗಿರುವುದರ ಲಕ್ಷಣವೇ?

ಸಣ್ಣ ಗಾಯವೂ ಕೆಂಪಾಗಿ ಊದಿ ಕೀವುಗಟ್ಟುವುದರಿಂದ ರೋಗನಿರೋಧಕ ಶಕ್ತಿ ಕುಗ್ಗಿದೆಯೆಂದು ತಿಳಿದು, ಅದನ್ನು ಹೆಚ್ಚಿಸುವ ಔಷಧಿ ಕೇಳಿದ್ದೀರಿ. ನಾನೂ ಹಾಗೆಯೇ ತಿಳಿದಿದ್ದೆ. ಕಾಲ್ಬೆರಳ ಬಳಿ ಚರ್ಮ ಸೀಳಿ ಊದಿಕೊಂಡಾಗ, ಊತ ಇಳಿದರೆ ಗಾಯವೂ ಮಾಯುತ್ತದೆಂದು ನಂಬಿ, ಹಿಂದೆ ತುರಿಕೆಗೆ ಕೊಟ್ಟಿದ್ದ ಸ್ಟೀರಾಯ್ಡ್ ಮುಲಾಮನ್ನು ಹಚ್ಚುತ್ತ ಹೋದೆ. ಕೆಂಪು ಇಳಿಯಿತು, ನೋವೂ ತಗ್ಗಿತು. ಸೋಂಕು ಮಾತ್ರ ಒಳಗೊಳಗೇ ಹರಡಿ, ಕೊನೆಗೆ ಪಾದವನ್ನು ಕೊಯ್ದು ಕೀವು ತೆಗೆಯಬೇಕಾಯಿತು.

ನಾನು ಅಡಗಿಸಿದ್ದು ರೋಗವನ್ನಲ್ಲ, ರಕ್ಷಣೆಯನ್ನು. ಚರ್ಮ ಒಡೆದು ಬ್ಯಾಕ್ಟೀರಿಯಾ ಒಳನುಗ್ಗಿದಾಗ, ಅಲ್ಲಿಯೇ ನೆಲೆಸಿರುವ, ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳಾದ ಮ್ಯಾಕ್ರೋಫೇಜ್‌ಗಳು, ಬ್ಯಾಕ್ಟೀರಿಯಾಗಳ ಹೊರಪದರದಲ್ಲಿದ್ದು ನಮ್ಮ ದೇಹದಲ್ಲಿ ಇಲ್ಲದ ಅಣುಗಳನ್ನು ತಮ್ಮ ಗ್ರಾಹಕ ಪ್ರೋಟೀನುಗಳಿಂದ ಗುರುತಿಸಿ, ಸೈಟೋಕೈನ್‌ಗಳೆಂಬ ಸಂಕೇತಗಳನ್ನು ಹೊರಬಿಡುತ್ತವೆ. ಚರ್ಮದಲ್ಲೇ ಇರುವ ಮಾಸ್ಟ್ ಕೋಶಗಳು ರಕ್ತನಾಳಗಳನ್ನು ಹಿಗ್ಗಿಸುವ ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ರಕ್ತನಾಳಗಳು ಹಿಗ್ಗುವುದರಿಂದ ಕೆಂಪು ಮತ್ತು ಬಿಸಿ. ಅವುಗಳ ಗೋಡೆಯಿಂದ ದ್ರವ ಜಿನುಗುವುದರಿಂದ ಊತ. ಆ ದ್ರವದಲ್ಲೇ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಂಡು ಅವುಗಳನ್ನು ಭಕ್ಷಕ ಕೋಶಗಳಿಗೆ ಗುರುತು ಹಚ್ಚಿಕೊಡುವ ಕಾಂಪ್ಲಿಮೆಂಟ್ ಪ್ರೋಟೀನುಗಳೂ ಇರುತ್ತವೆ. ಕೆಲವೇ ಗಂಟೆಗಳಲ್ಲಿ ರಕ್ತದ ಬಿಳಿ ಕಣಗಳಾದ ನ್ಯೂಟ್ರೋಫಿಲ್‌ಗಳು ನಾಳದ ಗೋಡೆಗೆ ಅಂಟಿ, ಸಂದಿನಲ್ಲಿ ನುಸುಳಿ ಬಂದು, ಬ್ಯಾಕ್ಟೀರಿಯಾಗಳನ್ನು ನುಂಗಿ ತಾವೂ ಸಾಯುತ್ತವೆ. ಕೀವಿನ ಬಹುಪಾಲು ಈ ಸತ್ತ ಕೋಶಗಳೇ. ಸ್ಟೀರಾಯ್ಡ್ ಸೈಟೋಕೈನ್‌ಗಳ ಉತ್ಪಾದನೆಯನ್ನು ತಗ್ಗಿಸುತ್ತದೆ, ನ್ಯೂಟ್ರೋಫಿಲ್‌ಗಳು ಗೋಡೆಗೆ ಅಂಟುವುದನ್ನೂ ತಡೆಯುತ್ತದೆ. ಆ ಸೋಂಕಿಗೆಂದೇ ತಯಾರಾಗುವ ಪ್ರತಿಕಾಯಗಳು (ಆಂಟಿಬಾಡಿಗಳು) ಸಿದ್ಧವಾಗಲು ಹಲವು ದಿನಗಳು ಬೇಕು. ಅಲ್ಲಿಯವರೆಗೆ ನನ್ನನ್ನು ಕಾಪಾಡಬೇಕಾಗಿದ್ದ ಈ ಹುಟ್ಟುರಕ್ಷಣೆಯನ್ನೇ ನಾನು ಕೈಯಾರೆ ತಡೆದಿದ್ದೆ. ಭಕ್ಷಕ ಕೋಶಗಳ ಈ ಕೆಲಸವನ್ನು 1882ರಲ್ಲಿ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫ್ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಗಮನಿಸಿದ್ದರು. ಮುಳ್ಳಿನ ಸುತ್ತ ಕೋಶಗಳು ಮುತ್ತಿಕೊಂಡಿದ್ದವು.

ಆದ್ದರಿಂದ ಶಕ್ತಿ ಹೆಚ್ಚಿಸುವ ಪುಡಿ, ಗುಳಿಗೆಗಳಿಗೆ ಹಣ ಸುರಿಯಬೇಡಿ. ಈ ವ್ಯವಸ್ಥೆ ಹೆಚ್ಚಾದಷ್ಟೂ ಒಳ್ಳೆಯದೆಂಬುದೇ ತಪ್ಪು ಕಲ್ಪನೆ; ಹತೋಟಿ ಮೀರಿದ ಉರಿಯೂತ ಸ್ವಂತ ಅಂಗಾಂಗಗಳನ್ನೇ ಕೆಡಿಸುತ್ತದೆ. ಗಾಯವನ್ನು ಸೋಪು, ನೀರಿನಿಂದ ತೊಳೆದು ಮುಚ್ಚಿಡಿ, ಹಿಂಡಬೇಡಿ, ಮನೆಯಲ್ಲಿ ಉಳಿದಿರುವ ಯಾವ ಮುಲಾಮನ್ನೂ ಹಚ್ಚಬೇಡಿ. ಕೆಂಪು ಹರಡುತ್ತಿದ್ದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ ಅಥವಾ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಏಕೆಂದರೆ ಆಗ ನ್ಯೂಟ್ರೋಫಿಲ್‌ಗಳಿಗೆ ಆಂಟಿಬಯೋಟಿಕ್‌ನ ನೆರವು ಬೇಕಾಗಬಹುದು. ಪದೇಪದೇ ಹೀಗಾಗುತ್ತಿದ್ದರೆ ಮೊದಲು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ. ಸಕ್ಕರೆ ಮಟ್ಟ ಏರಿದಾಗ ನ್ಯೂಟ್ರೋಫಿಲ್‌ಗಳ ಚಲನೆಯೂ ಕೊಲ್ಲುವ ಸಾಮರ್ಥ್ಯವೂ ಕುಂದುತ್ತವೆ.