ಕಮಾನು ಆಮೇಲೆ, ಮೊದಲು ಟ್ರಂಕು ತೆರೆಯಿರಿ

ಪ್ರಶ್ನೆ: ಟೀಚರೇ, ನಮ್ಮ ಅಪ್ಪ ಶಾಲಾ ಇನ್‌ಸ್ಪೆಕ್ಟರ್ ಆಗಿ ತೀರ್ಥಹಳ್ಳಿ ಸೀಮೆಯಲ್ಲೇ ಬಹುಕಾಲ ಇದ್ದು 1989ರಲ್ಲಿ ನಿವೃತ್ತರಾದವರು. ಕಳೆದ ಆಷಾಢದಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆಯ ದಿನ ನಮಗೆ ಮುಖಪರಿಚಯವೂ ಇಲ್ಲದ ಹತ್ತಿಪ್ಪತ್ತು ಜನ ಬಂದು, ‘ಅವರು ಬಂದು ಹೇಳದಿದ್ದರೆ ನಮ್ಮನ್ನ ಶಾಲೆಗೆ ಕಳಿಸ್ತಾನೇ ಇರ್ಲಿಲ್ಲ’ ಎಂದು ಕಣ್ಣು ಒರೆಸಿಕೊಂಡು ಹೋದರು. ಅಟ್ಟದ ಟ್ರಂಕಿನಲ್ಲಿ ಅಪ್ಪನ ಟೂರ್ ಡೈರಿಗಳು ಸಿಕ್ಕಿವೆ. ಊರ ಶಾಲೆಗೆ ಅವರ ಹೆಸರಿನಲ್ಲಿ ಕಮಾನು ಕಟ್ಟಿಸಬೇಕೆಂದು ನನಗೆ ಆಸೆ. ಅಣ್ಣ ಮಾತ್ರ, ‘ಸಂಬಳ, ಟಿ.ಎ. (ಪ್ರಯಾಣ ಭತ್ಯೆ) ತಗೊಂಡು ಊರೂರು ಸುತ್ತಿದ್ದಕ್ಕೆ ಕಮಾನು ಯಾಕೆ?’ ಅನ್ನುತ್ತಾನೆ. ಈ ಇನ್‌ಸ್ಪೆಕ್ಟರುಗಳು ನಿಜಕ್ಕೂ ಮಾಡುತ್ತಿದ್ದುದೇನು?
– ಒಬ್ಬ ಮಗಳು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಅಣ್ಣನ ಮಾತು ಪೂರ್ತಿ ಸುಳ್ಳೇನಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಕೂತು, ಮೇಷ್ಟ್ರ ಕೈಲೇ ರಿಜಿಸ್ಟರುಗಳನ್ನು ಹೊರಿಸಿಕೊಂಡು ಬರಹೇಳಿ, ಮಸಾಲೆ ದೋಸೆ ತಿನ್ನುತ್ತಾ ತಪಾಸಣೆ ಮುಗಿಸಿದವರನ್ನು ನಾನೇ ಕಂಡಿದ್ದೇನೆ. ಆ ದೋಸೆಯ ಬಿಲ್ಲನ್ನು ಯಾರು ಕೊಟ್ಟರು ಎಂದು ಕೇಳಬೇಡಿ. ಆದರೆ ಅಂಥವರ ಸಮಾರಾಧನೆಗೆ ಗುರುತಿಲ್ಲದ ಜನ ಬರುವುದಿಲ್ಲ.

ನಿಮ್ಮ ತಂದೆಯವರನ್ನು ನಾನು ಕಂಡವಳಲ್ಲ. ನನ್ನದು ಹೊಸನಗರ ತಾಲ್ಲೂಕು. ಹಾಗಾಗಿ ನನ್ನ ಶಾಲೆಗೆ ಬರುತ್ತಿದ್ದ ಇನ್‌ಸ್ಪೆಕ್ಟರ ಸಂಗತಿ ಹೇಳುತ್ತೇನೆ, ನಿಮ್ಮ ಡೈರಿಗಳ ಜೊತೆ ಹೊಂದಿಸಿ ನೋಡಿಕೊಳ್ಳಿ.

ಟಿ.ಸಿ.ಎಚ್. ಶಿಕ್ಷಕ ತರಬೇತಿ ಮುಗಿಸಿ 1978ರ ಜೂನ್‌ನಲ್ಲಿ ಏಕೋಪಾಧ್ಯಾಯ ಶಾಲೆಯೊಂದಕ್ಕೆ ಸೇರಿದೆ. ಬಸ್ಸಿಳಿದ ಮೇಲೆ ನಾಲ್ಕು ಮೈಲಿ, ನಡುವೆ ಎರಡು ಹಳ್ಳ, ಎರಡಕ್ಕೂ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ. ಬಯಲುಸೀಮೆಯ ಹಾಗೆ ಮನೆಗಳೆಲ್ಲ ಒಂದೇ ಕಡೆ ಇರುವ ಊರಲ್ಲ ನಮ್ಮದು. ಗುಡ್ಡದಾಚೆ ಒಂದು ಮನೆ, ಗದ್ದೆ ಕೋಗಿನ ತುದಿಯಲ್ಲಿ ಎರಡು. ದಿನಕ್ಕೆ ಒಂದು ಶಾಲೆ ನೋಡಿ ಕತ್ತಲಾಗುವುದರೊಳಗೆ ರಸ್ತೆ ಸೇರಿದರೆ ಇನ್‌ಸ್ಪೆಕ್ಟರು ಗೆದ್ದ ಹಾಗೆ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳಕ್ಕೆ ಇಲಾಖೆಯ ಗುರುತಿನ ಚೀಟಿ ತೋರಿಸಿದರೆ ಬಿಟ್ಟೀತೇ?

ಆ ವರ್ಷ ಅಡಿಕೆ ಸುಲಿಯುವ ಕಾಲ. ಹೇಳದೆ ಕೇಳದೆ ಬಂದುಬಿಟ್ಟರು. ಪಂಚೆ ಮೊಣಕಾಲಿನವರೆಗೆ, ಚಪ್ಪಲಿ ಕೈಯಲ್ಲಿ, ಕಂಕುಳಲ್ಲಿ ಕೊಡೆ. ಹಾಜರಿ ಪುಸ್ತಕದಲ್ಲಿ 31 ಮಕ್ಕಳು. ಅವರು ತಲೆ ಎಣಿಸಲಿಲ್ಲ. ಆಗ ಕೇರ್ ಸಂಸ್ಥೆಯ ಗೋಧಿ ರವೆಯ ಉಪ್ಪಿಟ್ಟು ಕೊಡುತ್ತಿದ್ದೆವು. ಬಾಳೆಲೆ ತುಂಡುಗಳು ಸಾಲಾಗಿ ಹಾಸಿದ್ದವು. ಸಾಲಿನ ತುದಿಯಿಂದ ತುದಿಗೆ ಒಮ್ಮೆ ನಡೆದರು. ಹತ್ತೊಂಬತ್ತು ಎಲೆ. ಆಮೇಲೆ ಹಾಜರಿ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಸೋಮವಾರದಿಂದ ಗುರುವಾರದವರೆಗೆ ಒಂದೇ ಮಸಿ, ಒಂದೇ ಕೈಯೋಟ.

‘ಏನಮ್ಮಾ, ಉಳಿದ ಹನ್ನೆರಡು ಜನ ಅಟ್ಟದ ಮೇಲಿದ್ದಾರಾ?’

ನನಗೆ ಅಳು ಬಂತು. ಹಾಜರಿ ಕಡಿಮೆಯಾದರೆ ಶಾಲೆಯನ್ನೇ ತೆಗೆದುಬಿಡುತ್ತಾರೆ ಎಂದು ಯಾರೋ ಹೆದರಿಸಿದ್ದರು, ಅದನ್ನೇ ಹೇಳಿದೆ. ಅವರು ತಮ್ಮ ಕೆಂಪು ಪೆನ್ನು ಕೊಟ್ಟು, ಬಾರದ ಮಕ್ಕಳ ಸಾಲಿನಲ್ಲಿ ಹನ್ನೆರಡು ಕಡೆ ನನ್ನ ಕೈಯಲ್ಲೇ ತಿದ್ದಿಸಿ, ಪ್ರತಿ ತಿದ್ದುಪಡಿಗೂ ಸಹಿ ಹಾಕಿಸಿದರು. ‘ನೀವು ಎಲ್ಲರೂ ಬಂದಿದ್ದಾರೆ ಅಂತ ಬರೆದರೆ, ಮಕ್ಕಳು ಸುಲಿಯೋಕೆ ಹೋಗಿದ್ದಾರೆ ಅಂತ ನಾನು ಯಾವ ಬಾಯಲ್ಲಿ ಮೇಲಿನವರಿಗೆ ಹೇಳಲಿ?’ ಎಂದರು. ಉಪ್ಪಿಟ್ಟು ತಾವೂ ತಿಂದರು, ಉಪ್ಪು ಸಾಲದು ಎಂದರು.

ಸಂಜೆ ನನ್ನನ್ನೂ ಕರೆದುಕೊಂಡು ಅಡಿಕೆ ಸುಲಿಯುವ ಮನೆಗೆ ಹೋದರು. ಅಂಗಳದ ಚಪ್ಪರದಡಿ ಪೆಟ್ರೋಮ್ಯಾಕ್ಸ್ ಹಚ್ಚಿತ್ತು. ಮೆಟ್ಟುಗತ್ತಿಗಳ ಮುಂದೆ ಹೆಂಗಸರು ಕೂತಿದ್ದರು, ಪಕ್ಕದಲ್ಲೇ ನನ್ನ ಮೂರನೇ ಕ್ಲಾಸಿನ ಹುಡುಗಿಯರು, ಬೆರಳೆಲ್ಲ ಅಡಿಕೆ ಕಲೆಯಿಂದ ಕಪ್ಪು. ಸುಲಿದ ಡಬ್ಬದ ಲೆಕ್ಕದಲ್ಲಿ ಕೂಲಿ. ಇನ್‌ಸ್ಪೆಕ್ಟರು 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯಿದೆಯ ಹೆಸರು ಎತ್ತಲೇ ಇಲ್ಲ. ಎತ್ತಿದ್ದರೆ ಯಜಮಾನರು ನಕ್ಕು ಎಲೆಅಡಿಕೆ ಕೊಟ್ಟು ಕಳಿಸುತ್ತಿದ್ದರೇನೋ. ಜಗಲಿಯಲ್ಲಿ ಕೂತು ಆ ಸಲದ ಧಾರಣೆ, ಕೊಳೆರೋಗ, ಮೈಲುತುತ್ತ ಎಲ್ಲ ಮಾತಾಡಿ ಏಳುವಾಗ, ‘ಗೌಡ್ರೇ, ಸುಲಿಯೋದು ಹೇಗೂ ರಾತ್ರಿ ಕೆಲಸ. ಹತ್ತು ಗಂಟೆಯಿಂದ ನಾಲ್ಕರವರೆಗೆ ಆ ಮಕ್ಕಳು ನಮ್ಮ ಟೀಚರಿಗಿರಲಿ’ ಎಂದರು. ಮರುದಿನ ಏಳು ಮಕ್ಕಳು ಬಂದವು. ಹನ್ನೆರಡೂ ಬರಲಿಲ್ಲ. ಬಂದವರಲ್ಲೂ ಇಬ್ಬರು ತೂಕಡಿಸುತ್ತಿದ್ದರು.

ಇವರನ್ನು ದೇವರು ಮಾಡಬೇಡಿ. ಮಾರನೇ ವರ್ಷ ದೀಪಾವಳಿಯ ಹಿಂದಿನ ದಿನ ಕೊನೇ ಬಸ್ಸು ಹಿಡಿಯಲು ಮಧ್ಯಾಹ್ನವೇ ಶಾಲೆಗೆ ಬೀಗ ಹಾಕಿದೆನೆಂದು ಇದೇ ಮನುಷ್ಯ ನನಗೆ ನೋಟೀಸು ಕೊಟ್ಟು ಒಂದು ದಿನದ ಸಂಬಳ ಹಿಡಿದರು. ಆ ಶಾಲೆಯಲ್ಲಿ ಹೆಂಗಸಿಗೆ ಒಂದು ಪಾಯಿಖಾನೆ ಇಲ್ಲ ಎಂಬುದು ನಾಲ್ಕು ವರ್ಷದಲ್ಲಿ ಅವರ ಕಣ್ಣಿಗೆ ಒಮ್ಮೆಯೂ ಬೀಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಇಳಿದಿಲ್ಲ.

ಆಮೇಲೆ ಬಂದ ಇನ್ನೊಬ್ಬರದು ಬೇರೆಯೇ ರೀತಿ. 1987ರಲ್ಲಿ ಕೇಂದ್ರದ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ಶುರುವಾಗಿ ಶಾಲೆಗಳಿಗೆ ನಕಾಶೆ, ಗ್ಲೋಬು, ವಿಜ್ಞಾನದ ಸಾಮಾನು, ಹಾರ್ಮೋನಿಯಂ ಬರತೊಡಗಿದವು. ಒಡೆದರೆ, ಕಳೆದರೆ ಸಂಬಳದಿಂದ ವಸೂಲಿ ಎಂಬ ಹೆದರಿಕೆಗೆ ಎಷ್ಟೋ ಮುಖ್ಯೋಪಾಧ್ಯಾಯರು ಪೆಟ್ಟಿಗೆಯ ಮೊಳೆಯನ್ನೇ ಕೀಳಲಿಲ್ಲ. ಈ ಪುಣ್ಯಾತ್ಮ ಕಲ್ಲು ತರಿಸಿ ತಾವೇ ಮೊಳೆ ಎಬ್ಬಿಸಿ, ಸ್ಟಾಕ್ ರಿಜಿಸ್ಟರಿನ ಅಂಚಿನಲ್ಲಿ ‘ಮಕ್ಕಳು ಬಳಸಿ ಒಡೆದರೆ ಮೇಷ್ಟ್ರಿಂದ ವಸೂಲಿ ಇಲ್ಲ’ ಎಂದು ಬರೆದು ಸಹಿ ಹಾಕಿದರು. ಅಷ್ಟು ಬರೆಯುವ ಅಧಿಕಾರ ಅವರಿಗಿತ್ತೋ ಇಲ್ಲವೋ, ನಮಗಂತೂ ಧೈರ್ಯ ಬಂತು. ಹಾರ್ಮೋನಿಯಂ ಎರಡೇ ಮಳೆಗಾಲಕ್ಕೆ ಬೂಸ್ಟು ಹಿಡಿದು ಉಸಿರು ಕಳಕೊಂಡಿತು, ಆ ಮಾತು ಬೇರೆ.

‘ಊರೂರು ಸುತ್ತುವುದು’ ಎಂದು ಮೂಗು ಮುರಿಯುವ ನಿಮ್ಮ ಅಣ್ಣನಿಗೆ ಬಿ.ಎಲ್. ರೈಸ್ ಅವರ ವಿಷಯವನ್ನೂ ತಿಳಿಸಿ. ಮೈಸೂರು ಸೀಮೆಯಲ್ಲಿ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆ ತಂದವರು. ಅವರೂ ಶಾಲಾ ಇನ್‌ಸ್ಪೆಕ್ಟರೇ ಆಗಿದ್ದವರು. ಶಾಲೆ ನೋಡಲು ಹೋದಲ್ಲೆಲ್ಲ ಕಲ್ಲುಬರಹಗಳು ಕಣ್ಣಿಗೆ ಬಿದ್ದವು, ಹುಚ್ಚು ಹತ್ತಿತು, ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಾದವು. ನಮ್ಮ ಶಿವಮೊಗ್ಗ ಜಿಲ್ಲೆಯ ಶಾಸನಗಳದ್ದೇ ಎರಡು ಸಂಪುಟ, 1902 ಮತ್ತು 1904ರಲ್ಲಿ. ಇನ್‌ಸ್ಪೆಕ್ಟರ ಕಣ್ಣಿಗೆ ಏನೇನು ಬೀಳುತ್ತದೆ ಎಂಬುದು ಡೈರಿ ತೆರೆದ ಮೇಲೇ ಗೊತ್ತಾಗುವುದು.

ಅದಕ್ಕೇ ಹೇಳುತ್ತೇನೆ, ಮೊದಲು ಟ್ರಂಕು. ಡೈರಿಗಳನ್ನು ಮಾಡಿಗೆ (ಸೂರಿಗೆ) ತಗುಲದ ಒಣ ಜಾಗದಲ್ಲಿಡಿ. ಗೆದ್ದಲು ನಿಮ್ಮ ಅಣ್ಣನಿಗಿಂತ ಬೇಗ ತೀರ್ಮಾನಕ್ಕೆ ಬರುತ್ತದೆ. ಪುಟ ಪುಟವೂ ಫೋಟೋ ತೆಗೆದುಕೊಳ್ಳಿ. ಯಾವ ದಿನ ಯಾವ ಶಾಲೆ, ಎಲ್ಲಿ ವಸತಿ ಎಂಬುದಂತೂ ಇದ್ದೇ ಇರುತ್ತದೆ, ಟಿ.ಎ. ಬಿಲ್ಲಿಗೆ ಅದು ಬೇಕಿತ್ತು. ಆಮೇಲೆ ಅವುಗಳಲ್ಲಿ ಒಂದು ಶಾಲೆಗೆ ಹೋಗಿ ಮುಖ್ಯ ಶಿಕ್ಷಕರನ್ನು ಕೇಳಿ, ದಾಖಲಾತಿ ಪುಸ್ತಕದಲ್ಲಿ ಆ ವರ್ಷಗಳ ಪುಟ ತೆರೆಸಿ. ಹೆಸರುಗಳು ನಿಮಗೆ ಬೇಡ, ಕೊಡುವುದೂ ಸರಿಯಲ್ಲ. ವರ್ಷಕ್ಕೆ ಎಷ್ಟು ಹೆಣ್ಣುಮಕ್ಕಳು ಸೇರಿದರು, ತಂದೆಯ ಕಸುಬಿನ ಕಲಂನಲ್ಲಿ ‘ಕೂಲಿ’ ಎಂದು ಎಷ್ಟು ಕಡೆ ಇದೆ, ಇಷ್ಟು ಎಣಿಸಿಕೊಂಡು ಬನ್ನಿ. ನಮ್ಮ ಕಡೆ 1974ರ ಭೂಸುಧಾರಣೆ ಆದ ಮೇಲೆ ಗೇಣಿ ಮಾಡುತ್ತಿದ್ದವರ ಮನೆಯ ಮಕ್ಕಳು ಸಾಲುಸಾಲಾಗಿ ಸೇರಿದ್ದು ಆ ಪುಸ್ತಕದಲ್ಲೇ ಕಾಣುತ್ತದೆ. ಅದರಲ್ಲಿ ನಿಮ್ಮ ತಂದೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸಲಾಗದು, ಆ ಆಸೆ ಬಿಡಿ. ಸಮಾರಾಧನೆಗೆ ಬಂದವರಲ್ಲಿ ನಾಲ್ಕು ಜನರನ್ನು ಹುಡುಕಿ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದು ಮಾತ್ರ ಈ ತಿಂಗಳೇ ಆಗಬೇಕು. ಅವರಿಗೂ ವಯಸ್ಸಾಯಿತು.

ಕಮಾನಿನ ವಿಷಯ. ನನಗೆ ಕಮಾನುಗಳೆಂದರೆ ಅಷ್ಟಕ್ಕಷ್ಟೇ. ಮಾಡು ಸೋರುವ ಶಾಲೆಯ ಮುಂದೆ ಗ್ರಾನೈಟ್ ಕಮಾನು ನಿಂತದ್ದನ್ನು ನೋಡಿ ನೋಡಿ ಬೇಸರ ಬಂದಿದೆ. ಕಟ್ಟಿಸಲೇಬೇಕೆಂದಿದ್ದರೆ ಶಾಲಾ ಅಭಿವೃದ್ಧಿ ಸಮಿತಿ, ಅಂದರೆ ಎಸ್.ಡಿ.ಎಂ.ಸಿ.ಯಲ್ಲಿ ಠರಾವು ಮಾಡಿಸಿ, ಬಿ.ಇ.ಒ. (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆದು ಒಪ್ಪಿಗೆ ಪಡೆಯಿರಿ. ಹಣವನ್ನು ಯಾರ ಕೈಗೂ ಕೊಡದೆ ಸಮಿತಿಯ ಖಾತೆಗೆ ಹಾಕಿ ರಸೀದಿ ತೆಗೆದುಕೊಳ್ಳಿ. ನನ್ನನ್ನು ಕೇಳಿದರೆ, ಮೊದಲು ಆ ಶಾಲೆಯ ಹೆಣ್ಣುಮಕ್ಕಳ ಶೌಚಾಲಯಕ್ಕೆ ಹೋಗಿ ನಲ್ಲಿ ತಿರುಗಿಸಿ ನೋಡಿ.

ಪ್ರಶ್ನೆ: ನಾವು ಅಣ್ಣ, ತಮ್ಮ, ತಂಗಿ ಮೂವರಿಗೂ ಶಾಲೆಯ ದಾಖಲೆಯಲ್ಲಿ ಜನ್ಮದಿನ ಜೂನ್ 1. ಮೊಮ್ಮಗಳು ‘ತ್ರಿವಳಿಗಳಾ ತಾತ?’ ಎಂದು ನಗುತ್ತಾಳೆ. ನಾನು ಸರ್ಕಾರಿ ನೌಕರಿಯಿಂದ ನಿವೃತ್ತ. ಈಗ ತಿದ್ದಿಸಬಹುದೇ?
– ಕೊಪ್ಪದಿಂದ ಒಬ್ಬ ಓದುಗರು

ಉತ್ತರ: ತಿದ್ದಿಸಿ ಏನು ಮಾಡುತ್ತೀರಿ? ಸರ್ಕಾರಿ ನೌಕರರ ವಯಸ್ಸು ನಿರ್ಧಾರದ 1974ರ ಕಾಯಿದೆಯಂತೆ ಕೆಲಸಕ್ಕೆ ಸೇರಿದ ಮೂರು ವರ್ಷದೊಳಗೆ ಕೇಳಬೇಕಿತ್ತು. ಎಲ್ಲರಿಗೂ ಜೂನ್ 1 ಬರೆದ ತಪ್ಪು ನಮ್ಮಂಥ ಮೇಷ್ಟ್ರುಗಳದ್ದೇ. ಜೂನ್‌ನಲ್ಲಿ ಶಾಲೆ ಶುರು. ಅವ್ವನನ್ನು ಕೇಳಿದರೆ ‘ಆ ಸಲ ಹೊಳೆ ಬಂದು ಸಂಕ ಹೋಯ್ತಲ್ಲ, ಆವಾಗ’ ಅನ್ನುವಳು. ಮಗುವಿನ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಿಸುವುದು; ಮುಟ್ಟಿದರೆ ವಯಸ್ಸಾಯಿತು, ಜೂನ್ 1 ಎಂದು ಬರೆಯುವುದು.

ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತರಾಗಬೇಕು. ಹಾಗಾಗಿ ಮೇ 31 ಬಂತೆಂದರೆ ನಮ್ಮ ಇಲಾಖೆಯಲ್ಲಿ ಹಾರಗಳಿಗೆ ಬರ. 2015ರ ಆ ದಿನ ನನ್ನ ಕೊರಳಿಗೆ ಬಿದ್ದ ಹಾರ, ಹತ್ತು ನಿಮಿಷ ಮೊದಲು ಇನ್ನೊಬ್ಬರ ಕೊರಳಲ್ಲಿತ್ತು. ನಮ್ಮಮ್ಮ ಹೇಳುವ ಪ್ರಕಾರ ನಾನು ಹುಟ್ಟಿದ್ದು ಭೂಮಿ ಹುಣ್ಣಿಮೆಯ ಮಾರನೇ ದಿನ, ಮನೆಯಲ್ಲಿ ಕಡುಬು ಇನ್ನೂ ಮಿಕ್ಕಿತ್ತಂತೆ.